ಬಕೆಟ್ಟಿನಲ್ಲಿ ಬಂದ ಸಿದ್ಧಪ್ಪ

ಸಲ್ಫ್ಯೂರಿಕ್ ಆಸಿಡ್ಡಿಗೆ ಬಹುವಚನ ಕೊಟ್ಟು ಮಾತಾಡುತ್ತಿದ್ದ ಏಕೈಕ ಹೆಂಗಸನ್ನು ನಾನು ಬಲ್ಲೆ. ಬಲ್ಲೆ ಏನು, ಶ್ರೀನಿವಾಸಪುರದ ಅವರ ಮನೆಯ ಹಿಂದಿನ ಕೋಣೆಯಲ್ಲೇ ಬಾಡಿಗೆಗಿದ್ದೆ! ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೊಸದಾಗಿ ಬಂದ ಕನ್ನಡ ಮೇಡಂ. ಅವರು ಅಲ್ಲಿ ಆಗಲೇ ಬೇರುಬಿಟ್ಟಿದ್ದ ಸೈನ್ಸ್ ಮೇಡಂ. ಹೆಡ್‌ಮಿಸ್ಸನ್ನು ಬೆನ್ನ ಹಿಂದೆ 'ಅವಳು' ಎನ್ನುತ್ತಿದ್ದರು. ಗಂಡನನ್ನು ಎದುರಿಗೇ 'ನೀನು' ಎನ್ನುತ್ತಿದ್ದರು. ಸೋದರತ್ತೆಯ ಮಗ, ಚಿಕ್ಕಂದಿನಿಂದ ಬಂದ ಸಲಿಗೆ. ಆದರೆ ಆಸಿಡ್ಡಿನ ಮಾತು ಬಂತೋ, ದನಿ ತಾನಾಗಿ ತಗ್ಗುತ್ತಿತ್ತು.

"ಅವರನ್ನ ಮುಟ್ಟೋಕೆ ಹೋಗ್ಬೇಡಿ. ನೋಡೋಕೆ ಹರಳೆಣ್ಣೆ ಥರಾ ಸಾಧುವಾಗಿ ಕಾಣ್ತಾರೆ. ಕಾಣ್ತಾರೆ, ಅಷ್ಟೆ!"

ಪ್ರಯೋಗಶಾಲೆಯ ಶಿಸ್ತು ಪ್ರಯೋಗಶಾಲೆಯಲ್ಲೇ ಇದ್ದಿದ್ದರೆ ನನಗೇನೂ ತಕರಾರಿರಲಿಲ್ಲ. ಅದು ಸಂಜೆ ಅವರ ಜೊತೆಗೇ ಮನೆಗೆ ಬರುತ್ತಿತ್ತು. ಯಾವ ವಸ್ತುವನ್ನೂ ನೇರವಾಗಿ ಮೂಸಬಾರದು, ದೂರದಿಂದ ಅಂಗೈಯಲ್ಲಿ ಗಾಳಿಯನ್ನು ಮೂಗಿನ ಕಡೆಗೆ ತಳ್ಳಿಕೊಳ್ಳಬೇಕು ಎಂಬುದು ಅವರ ನಿಯಮ. ಸರಿ. ಆದರೆ ಮಲ್ಲಿಗೆ ಹೂವನ್ನೂ ಹಾಗೇ ಮೂಸುವುದೇ? ಒಂದು ನಾಮಕರಣದಲ್ಲಿ ಬಾಣಂತಿ ಹೆಮ್ಮೆಯಿಂದ ಕೂಸನ್ನು ಮುಂದೆ ಹಿಡಿದಾಗಲೂ ಇವರು ಮಾರು ದೂರದಲ್ಲಿ ನಿಂತು ಬೀಸಣಿಗೆಯಂತೆ ಕೈಯಾಡಿಸಿ, "ಚೆನ್ನಾಗಿದೆ" ಅಂದರು. ಬಾಣಂತಿಯ ಮುಖ ನೋಡಬೇಕಿತ್ತು!

ಊಟದ ಪಂಕ್ತಿಯಲ್ಲಂತೂ ಕೇಳಲೇಬೇಡಿ. ಆಸಿಡ್ಡನ್ನು ನೀರಿಗೆ ನಿಧಾನವಾಗಿ ಬೆರೆಸಬೇಕೇ ಹೊರತು ನೀರನ್ನು ಆಸಿಡ್ಡಿಗೆ ಸುರಿಯಬಾರದು. ಸುರಿದರೆ ಕ್ಷಣದಲ್ಲಿ ಕುದಿದು ಮುಖಕ್ಕೆ ಸಿಡಿಯುತ್ತದೆ. ಇದು ಸತ್ಯ. ಆದರೆ ನಾನು ಲೋಟದಲ್ಲಿದ್ದ ಮಜ್ಜಿಗೆಗೆ ನೀರು ಬೆರೆಸಲು ಹೋದಾಗ, ಹುಳಿ ಮಜ್ಜಿಗೆ ಕೂಡ ಆಮ್ಲವೇ ಅಂತ, "ಏಯ್!" ಎಂದು ಕೂಗಿದ್ದರಲ್ಲ, ಅದಕ್ಕೇನೆನ್ನಬೇಕು? ಅಂದಿನಿಂದ ಆ ಮನೆಯಲ್ಲಿ ಮೊದಲು ಲೋಟಕ್ಕೆ ನೀರು, ಆಮೇಲೆ ಮಜ್ಜಿಗೆ. ಅವರ ಯಜಮಾನರು ಗೌನಿಪಲ್ಲಿ ಕಡೆಯ ಮಾವಿನ ತೋಪುಗಳನ್ನು ಗುತ್ತಿಗೆ ಹಿಡಿಯುತ್ತಿದ್ದವರು, ಮಾತು ಕಮ್ಮಿ. ನನ್ನ ಕಡೆ ನೋಡಿ, "ಅಡ್ಜಸ್ಟ್ ಮಾಡ್ಕೊಂಡ್ಬಿಡಮ್ಮಾ, ರುಚಿ ಒಂದೇನೇ" ಎಂದರು.

ಆ ವರ್ಷ ಜೂನಿನಲ್ಲಿ ಶಾಲೆ ಶುರುವಾದಾಗ ಪ್ರಯೋಗಶಾಲೆಯ ಆಸಿಡ್ ಖಾಲಿಯಾಗಿತ್ತು. ಕೋಲಾರದ ಅಂಗಡಿಯಿಂದ ಯಾರ ಕೈಲಾದರೂ ತರಿಸೋಣ ಎಂದರು ಹೆಡ್‌ಮಿಸ್ಸು.

"ಯಾರ ಕೈಲಾದ್ರೂ? ಅವರನ್ನ?" ಎಂದು ನಮ್ಮ ಮೇಡಂ ಎದ್ದೇ ನಿಂತರು.

ಹೀಗಾಗಿ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ನಾವು ಮೂವರು ಕೋಲಾರಕ್ಕೆ ಹೊರಟೆವು. ಮೇಡಂ, ಅವರ ಯಜಮಾನರು, ಮತ್ತು ಬ್ಲೌಸ್ ಪೀಸ್ ಕೊಳ್ಳುವ ಆಸೆಗೆ ಜೊತೆಯಾದ ನಾನು. ಯಜಮಾನರ ಕೈಯಲ್ಲಿ ಒಂದು ಕಬ್ಬಿಣದ ಬಕೆಟ್ಟು, ಅದರ ತುಂಬ ಒಣ ಮರಳು. ಅಂಗಡಿಯವನು ದೊಡ್ಡ ಗಾಜಿನ ಬಾಟಲಿಯನ್ನು ಹುಲ್ಲಿನಲ್ಲಿ ಸುತ್ತಲು ಹೋದ. "ಹುಲ್ಲಾ? ಸೋರಿದ್ರೆ ಕರಕಲಾಗಿ ಹೋಗುತ್ತೆ ಕಣಯ್ಯಾ!" ಎಂದು ತಡೆದು, ಮೇಡಂ ತಾವೇ ಬಾಟಲಿಯನ್ನು ಮರಳಿನಲ್ಲಿ ಕುತ್ತಿಗೆಯವರೆಗೆ ಹೂತು, ಮೂತಿ ಭದ್ರವಾಗಿದೆಯೇ ಎಂದು ಮತ್ತೆ ಮತ್ತೆ ನೋಡಿ, ಯಾರೂ ಮುಟ್ಟದಿರಲಿ ಎಂದು ಮೇಲೊಂದು ಕೆಂಪು ವಸ್ತ್ರ ಹೊದಿಸಿದರು. ಎಚ್ಚರಿಕೆಯ ಬಣ್ಣ ಕೆಂಪಂತೆ. ನೋಡಿದವರಿಗೆ ಅದು ಥೇಟು ಕಳಶದ ಹಾಗೆ ಕಾಣುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ.

ಬಸ್ಸಿನಲ್ಲಿ ಮಾವಿನ ಬುಟ್ಟಿಗಳು, ಬುಟ್ಟಿಗಳ ನಡುವೆ ಜನ. ಕಂಡಕ್ಟರ್ ಕೂಗಿದ: "ಬಕೆಟ್ಟು ಟಾಪ್ ಮೇಲೆ ಹಾಕಮ್ಮಾ!"

"ಅವರು ಟಾಪ್ ಮೇಲೆ ಬರಲ್ಲ."

ಕಂಡಕ್ಟರ್ ಸುತ್ತ ನೋಡಿದ. "ಯಾರಮ್ಮಾ ಅವರು?"

"ಇವರು. ಇವರಿಗೊಂದು ಟಿಕೆಟ್ ಕೊಡಿ. ಸೀಟಲ್ಲೇ ಕೂರ್ತಾರೆ."

"ಬಕೆಟ್ಟಿಗೆ ಸೀಟಾ? ಯಾವನ್ ಕೊಡ್ತಾನಮ್ಮಾ?"

ಯಜಮಾನರು ತಮ್ಮ ಸೀಟಿನಿಂದ ಎದ್ದರು. ಬಕೆಟ್ಟು ಕೂತಿತು. ಅವರು ಶ್ರೀನಿವಾಸಪುರದವರೆಗೂ ಅದರ ಹಿಡಿ ಹಿಡಿದುಕೊಂಡು, ಬಾಗಿ, ಪ್ರತಿ ತಿರುವಿನಲ್ಲೂ ಅದರ ಜೊತೆ ತಾವೂ ವಾಲುತ್ತಾ ನಿಂತಿದ್ದರು. ಪಕ್ಕದ ಸೀಟಿನಲ್ಲಿ ನಮ್ಮ ಬೀದಿಯದೇ ಒಬ್ಬ ಅಜ್ಜಿ, ಕಿವಿ ಸ್ವಲ್ಪ ಮಂದ, ಮಾತೆಲ್ಲ ತೆಲುಗು ಬೆರೆತದ್ದು. ಕೆಂಪು ವಸ್ತ್ರ ನೋಡಿ ಕೇಳಿದರು: "ಏಂ ದೇವುಡಮ್ಮಾ ಇದಿ? ಯಾವ ದೇವ್ರು?"

"ದೇವ್ರಲ್ಲಜ್ಜೀ, ಆಸಿಡ್ಡು!" ಎಂದೆ ನಾನು.

"ಆ ಸಿದ್ಧುಡಾ!" ಎಂದು ಅಜ್ಜಿ ಗಡಬಡಿಸಿ ಎರಡೂ ಕೈ ಮುಗಿದರು.

ಸಿದ್ಧಪ್ಪ ಬಂದಿದ್ದಾನೆ ಎಂಬ ಸುದ್ದಿ ಹಿಂದಿನ ಸೀಟಿನವರೆಗೂ ಹೋಗಲು ಎಷ್ಟು ಹೊತ್ತು ಬೇಕು? ಯಾರೋ ಎರಡು ಬಾದಾಮಿ ಮಾವಿನಹಣ್ಣನ್ನು ಬಕೆಟ್ಟಿನ ಪಕ್ಕದಲ್ಲಿಟ್ಟರು. ಬಕೆಟ್ಟಿಗೆ ಸೀಟು ಕೊಡಲ್ಲ ಎಂದಿದ್ದ ಕಂಡಕ್ಟರ್ ಇಳಿಯುವಾಗ ತಾನೇ ಕೈಕೊಟ್ಟು ಇಳಿಸಿ, "ತಪ್ಪಾಯ್ತು ಸ್ವಾಮಿ" ಎಂದು ಗಲ್ಲ ಬಡಿದುಕೊಂಡ!

ಸೋಮವಾರದವರೆಗೆ ಶಾಲೆಗೆ ಬೀಗ. ಆದ್ದರಿಂದ ಸಿದ್ಧಪ್ಪನ ವಸತಿ ಮನೆಯಲ್ಲೇ. ಎತ್ತರದಲ್ಲಿಟ್ಟರೆ ಬೀಳಬಹುದು, ಅಡುಗೆಮನೆಯಲ್ಲಿಟ್ಟರೆ ಯಾರಾದರೂ ಎಣ್ಣೆಯೆಂದು ತಿಳಿಯಬಹುದು. ಕೊನೆಗೆ ಪಡಸಾಲೆಯ ಮೂಲೆಯಲ್ಲಿ ನೆಲದ ಮೇಲಿಟ್ಟು, ಯಾರೂ ದಾಟದಿರಲಿ ಎಂದು ಮೇಡಂ ಸುತ್ತಲೂ ರಂಗೋಲಿಪುಡಿಯಲ್ಲಿ ಒಂದು ಗುಂಡನೆಯ ಗೆರೆ ಎಳೆದರು. ಕಳಶದ ಹಾಗೆ ಕಾಣುವುದಕ್ಕೆ ಅದೊಂದು ಕಮ್ಮಿಯಿತ್ತು ನೋಡಿ, ಅದೂ ಆಯಿತು!

ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಅಜ್ಜಿ. ತಲೆಗೆ ಸ್ನಾನ ಮಾಡಿ, ಕೈಯಲ್ಲಿ ತುಂಬಿದ ಚೊಂಬು ಹಿಡಿದು ಬಂದಿದ್ದರು. ಹಿಂದೆ ನಾಲ್ಕಾರು ಹೆಂಗಸರು. ಮೇಡಂ ಹಿತ್ತಲಲ್ಲಿದ್ದರು. ನಾನು ಏನೆಂದು ಕೇಳುವಷ್ಟರಲ್ಲಿ ಅಜ್ಜಿ ಗೆರೆ ದಾಟಿ, ವಸ್ತ್ರ ಸರಿಸಿ, "ಸಿದ್ಧಪ್ಪಾ, ಮೊಮ್ಮಗಳಿಗೊಂದು ಗಂಡು ತೋರ್ಸಪ್ಪಾ" ಎನ್ನುತ್ತಾ ಅಭಿಷೇಕಕ್ಕೆ ಚೊಂಬು ಎತ್ತಿಯೇಬಿಟ್ಟಿದ್ದರು.

"ನೀರೂ!" ಎಂದು ನಾನು ಕಿರುಚಿದೆ.

ಮೇಡಂ ಹಿತ್ತಲಿಂದ ಹಾರಿ ಬಂದ ವೇಗವನ್ನು ನಾನು ಬಣ್ಣಿಸಲಾರೆ, ಕನ್ನಡ ಎಂ.ಎ. ಅದಕ್ಕೆ ಸಾಲದು. ಅಜ್ಜಿಯ ಕೈಯಿಂದ ಚೊಂಬು ಕಿತ್ತು, ಆ ನೀರೆಲ್ಲ ತಮ್ಮ ಮೈಮೇಲೆ ಸುರಿದುಕೊಂಡು, ಏದುಸಿರು ಬಿಡುತ್ತಾ ಹೇಳಿದರು: "ಅಜ್ಜೀ, ಇವರಿಗೆ ನೀರು ಕಂಡ್ರೆ ಆಗಲ್ಲ! ಮುಚ್ಚಳ ಭದ್ರವಾಗಿದೆ, ಆದ್ರೂ ಆಗಲ್ಲ!"

ಅಜ್ಜಿ ಗಂಭೀರವಾಗಿ ತಲೆಯಾಡಿಸಿದರು. "ಉಗ್ರ ದೇವ್ರಾ? ಮೊದ್ಲೇ ಹೇಳ್ಬಾರ್ದಾ ತಲ್ಲೀ! ಬರಿ ಕರ್ಪೂರ ಹಚ್ತೀವಿ."

ಮೇಡಂ ಇನ್ನೊಮ್ಮೆ ಹಾರಬೇಕಾಯಿತು.

ಸೋಮವಾರ ನಸುಕಿನಲ್ಲೇ, ಹುಡುಗಿಯರು ಬರುವ ಮೊದಲು, ಬಕೆಟ್ಟು ಶಾಲೆ ಸೇರಿತು. ಮೇಡಂ ಯಜಮಾನರ ಗಮ್‌ಬೂಟು, ಉದ್ದನೆಯ ರಬ್ಬರ್ ಕೈಗವಸು, ಮೋಟಾರ್ ಬೈಕಿನವರ ದಪ್ಪ ಕನ್ನಡಕ ಎಲ್ಲ ತೊಟ್ಟು, ನಮ್ಮಿಬ್ಬರನ್ನು ಬಾಗಿಲಾಚೆ ನಿಲ್ಲಿಸಿ, ಆಲಿಕೆಯಿಟ್ಟು ಆಸಿಡ್ಡನ್ನು ಸಣ್ಣ ಬಾಟಲಿಗಳಿಗೆ ಬಗ್ಗಿಸಿದರು. ಒಂದು ಹನಿ ಚೆಲ್ಲಲಿಲ್ಲ. ಮುಚ್ಚಳ ಹಾಕಿ, ಕೈಗವಸು ಬಿಚ್ಚಿ, ಕನ್ನಡಕ ತೆಗೆದು, ನಿಟ್ಟುಸಿರಿಟ್ಟು, ದೊಡ್ಡ ಬಾಟಲಿಯನ್ನು ಬೀರುವಿನೊಳಗಿಡಲು ಎತ್ತಿದರು.

ಬಾಟಲಿಯ ಹೊರಮೈಯಲ್ಲಿ ಆಸಿಡ್ಡಿನ ಒಂದು ಸಣ್ಣ ಗೆರೆ ಇಳಿದಿತ್ತು. ಅದು ಅವರ ಮುಂಗೈ ದಾಟಿ ಬಳೆಗಳ ಅಡಿಗೆ ಹರಿಯಿತು.

ಬಾಟಲಿಯನ್ನು ಹೇಗೋ ಕೆಳಗಿಟ್ಟರು. ಅಷ್ಟೆ. ಆಮೇಲೆ ಕೈಯನ್ನೇ ನೋಡುತ್ತಾ ನಿಂತುಬಿಟ್ಟರು. ಅಷ್ಟು ವರ್ಷ ಊರಿಗೆಲ್ಲ ಹೇಳಿಕೊಟ್ಟವರಿಗೆ ಒಂದಕ್ಷರ ನೆನಪಿಗೆ ಬರುತ್ತಿಲ್ಲವೆಂದು ಅವರ ಮುಖದಲ್ಲೇ ಕಾಣುತ್ತಿತ್ತು. ನಾನೂ ಕಂಬವಾಗಿದ್ದೆ.

ಯಜಮಾನರು ನನ್ನನ್ನು ಪಕ್ಕಕ್ಕೆ ತಳ್ಳಿ ಒಳನುಗ್ಗಿದರು. ಹೆಂಡತಿಯನ್ನು ಜಗಲಿಗೆ ಎಳೆದು ತಂದು ನಲ್ಲಿ ತಿರುಗಿಸಿದರು. ನಲ್ಲಿಯಲ್ಲಿ ಬರೀ ಗಾಳಿ! ಕುಡಿಯುವ ನೀರಿನ ಹಂಡೆಯ ಮುಚ್ಚಳ ಒದ್ದು, ಚೊಂಬಿನಲ್ಲಿ ಮೊಗೆದು ಹುಯ್ಯುತ್ತಾ ಹೋದರು. ಹುಯ್ಯುತ್ತಲೇ ಬಳೆಗಳನ್ನು ಸರಸರನೆ ಕಳಚಿದರು. ಆಸಿಡ್ ತಾಕಿದ್ದ ಸೆರಗಿನ ಅಂಚನ್ನು ಹರಿದೆಸೆದರು. ಹಂಡೆ ಬರಿದಾಗತೊಡಗಿದಾಗ ನನಗೆ ಬುದ್ಧಿ ಬಂದು ಬಾವಿಯಿಂದ ಸೇದಿ ಸೇದಿ ತಂದೆ.

"ಸಾಕು ಬಿಡೋ. ಉರಿ ಹೋಯ್ತು" ಎಂದರು ಮೇಡಂ, ಕೊನೆಗೂ ಬಾಯಿ ಬಂದು.

"ಬಾಟಲಿಯೊಳಗಿದ್ರೆ ನೀರು ಬೇಡ, ಮೈಗೆ ತಾಕಿದ್ರೆ ನೀರೇ ಮದ್ದು. ಉರಿ ಹೋದ್ಮೇಲೂ ಹುಯ್ತಾನೇ ಇರ್ಬೇಕು. ನೀನೇ ಅಲ್ವಾ ಹೇಳಿದ್ದು?"

ಮೇಡಂ ಕಣ್ಣರಳಿಸಿದರು. ರಾತ್ರಿ ಊಟವಾದ ಮೇಲೆ ಮರುದಿನದ ಪಾಠವನ್ನು ಇವರು ಗೋಡೆಗೆ ಒಪ್ಪಿಸುತ್ತಿದ್ದುದು, ಮಂಚದ ಮೇಲೆ ಯಜಮಾನರು ಮುಖಕ್ಕೆ ಟವೆಲ್ಲು ಹಾಕಿ ಮಲಗಿರುತ್ತಿದ್ದುದು ನನಗೂ ಗೊತ್ತಿತ್ತು.

"ನಿದ್ದೆ ಮಾಡ್ತಿದ್ದೆಯಲ್ಲೋ ನೀನು?"

"ನೀನು ಮಾತಾಡ್ತಿರ್ಬೇಕಾದ್ರೆ ನಾನ್ಯಾವತ್ತು ನಿದ್ದೆ ಮಾಡಿದೀನೇ?" ಎಂದರು ಅವರು, ಚೊಂಬು ನಿಲ್ಲಿಸದೆ.

ಹುಡುಗಿಯರು ಒಬ್ಬೊಬ್ಬರಾಗಿ ಬಂದು, ಒದ್ದೆ ಜಗಲಿಯಲ್ಲಿ ಲಂಗ ಎತ್ತಿ ಹಿಡಿದು ನಿಂತರು. ಆಮೇಲೆ ಡಾಕ್ಟರು ನೋಡಿದರು, ಗಾಯ ಮಾಯಿತು, ಒಂದು ಮಾಸಲು ಕಲೆಯಷ್ಟೇ ಉಳಿಯಿತು. ಆದರೆ ಆ ಬೆಳಿಗ್ಗೆ ನೀರು ಹುಯ್ಯುತ್ತಿದ್ದ ಯಜಮಾನರ ಕೆನ್ನೆ ತೋಯ್ದಿದ್ದನ್ನು ನಾನು ಕಂಡೆ, ಮೇಡಮ್ಮೂ ಕಂಡರು. ಇಡೀ ಶಾಲೆ ನೋಡುತ್ತಿದ್ದ ಹಾಗೆಯೇ ಇನ್ನೊಂದು ಕೈಯಿಂದ ಹರಿದ ಸೆರಗಿನ ಒಣ ಭಾಗ ಹುಡುಕಿ ಗಂಡನ ಮುಖ ಒರೆಸಿದರು.

"ನೀರು ಸಿಡೀತು ಕಣೇ" ಎಂದರು ಯಜಮಾನರು.

"ಹೂಂ" ಎಂದು ಮೇಡಂ ಇನ್ನೊಮ್ಮೆ ಒರೆಸಿದರು.