ಎಡಗಡೆ ಗ್ಲಾಸಿನ ಗುಳ್ಳೆ

ಹೊಸ ವಸ್ತು ಮನೆಗೆ ಬಂದರೆ ಜನ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತಾರೆ. ನಾನು ಅದರಲ್ಲಿ ಐಬು ಹುಡುಕುತ್ತೇನೆ. ಇದು ನನ್ನ ಹುಟ್ಟುಗುಣ, ತಿದ್ದಲು ಬಂದವರೆಲ್ಲ ಸುಸ್ತಾಗಿ ಹೋಗಿದ್ದಾರೆ. ಹೊಸ ಅಂಗಿ ತಂದರೆ ಮೊದಲು ಬಗಲಿನ ಹೊಲಿಗೆ ಜಗ್ಗಿ ನೋಡುತ್ತೇನೆ. ಸ್ಟೀಲಿನ ಡಬ್ಬಿ ಕೊಳ್ಳಲು ಹೋದರೆ ಮುಚ್ಚಳ ಹಾಕಿ ತೆಗೆದು, ಹಾಕಿ ತೆಗೆದು, ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗುವವರೆಗೆ ಬಿಡುವುದಿಲ್ಲ. ಮದುವೆಯಲ್ಲಿ ಮಾವನವರು ಕೊಟ್ಟ ಕೈಗಡಿಯಾರವನ್ನು ಮಂಟಪದಲ್ಲಿ ಕೂತೇ ಕಿವಿಗೆ ಹಿಡಿದು, ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದೆನಂತೆ. ನನಗೆ ನೆನಪಿಲ್ಲ. ಮಾವನವರಿಗೆ ಚೆನ್ನಾಗಿ ನೆನಪಿದೆ. ಶಿರಸ್ತೇದಾರರಾಗಿ ನಿವೃತ್ತರಾಗಿ ಸೇಡಂನಲ್ಲಿ ಮನೆ ಮಾಡಿಕೊಂಡಿದ್ದ ಅವರು ಮಧ್ಯಾಹ್ನ ಊಟ ಮಾಡಿದ್ದನ್ನು ಬೇಕಾದರೆ ಮರೆತಾರು, ತಮಗೆ ಯಾರು ಯಾವಾಗ ನಮಸ್ಕಾರ ಮಾಡಲಿಲ್ಲ ಎಂಬುದನ್ನು ಮರೆಯುವವರಲ್ಲ.

ಇದು ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ನಮ್ಮ ಮನೆ ಚಿತ್ತಾಪುರದಲ್ಲಿ, ನನ್ನ ಮಾಸ್ತರಿಕೆ ವಾಡಿಯಲ್ಲಿ. ಹೋಗಿ ಬರಲು ಒಂದು ಹಳೆಯ ಮಾರುತಿ ಕಾರು ಕೊಂಡಿದ್ದೆ. ಅದರಲ್ಲಿ ಏಸಿ ಇರಲಿಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಅದರ ಸೀಟಿನ ಮೇಲೆ ಕೂಡುವವರು ಮೊದಲು ಅರ್ಧ ಕೂತು, ಹೌಹಾರಿ ಎದ್ದು, ಆಮೇಲೆ ದೇವರ ಹೆಸರು ಹೇಳಿ ಪೂರ್ತಿ ಕೂಡಬೇಕಾಗಿತ್ತು. ಹೆಂಡತಿ ಪದ್ಮಾ ಹಳೆಯ ಸೀರೆಯ ಪರದೆ ಹೊಲಿದು ಕೊಡುತ್ತೇನೆಂದಳು. ನಾನು ಸನ್ ಫಿಲ್ಮ್ ಹಾಕಿಸುತ್ತೇನೆಂದೆ. ಬಿಸಿಲು ನೆಪ. ವಾಡಿಯ ಕಂತ್ರಾಟುದಾರರೊಬ್ಬರ ಜೀಪಿಗೆ ಕಪ್ಪು ಗ್ಲಾಸಿತ್ತು. ಒಳಗೆ ಯಾರಿದ್ದಾರೆಂದು ಕಾಣದಿದ್ದರೂ ನಮ್ಮ ಶಾಲೆಯ ಹುಡುಗರು ಆ ಜೀಪಿಗೆ ಸಲಾಮು ಹೊಡೆಯುತ್ತಿದ್ದರು. ನಾನು ಒಳಗೆ ನಿಚ್ಚಳವಾಗಿ ಕಾಣುತ್ತಿದ್ದರೂ ನನ್ನ ಕಾರಿಗೆ ಹೊಡೆಯುತ್ತಿರಲಿಲ್ಲ. ಕಾಣುವುದರಿಂದಲೇ ಹೀಗಾಗುತ್ತಿದೆ ಎಂದು ನನಗೆ ಅನುಮಾನ ಬಂದಿತ್ತು.

ಶಹಾಬಾದಿನಲ್ಲಿ ಬಾಬಾಮಿಯಾ ಎಂಬಾತನ ರೇಡಿಯಂ ಅಂಗಡಿ ಇತ್ತು. ಆಟೋಗಳ ಬೆನ್ನಿಗೆ ಹೆಸರು, ಗುಲಾಬಿ, ಹದ್ದು ಎಲ್ಲ ಅಂಟಿಸುವವನು, ಸನ್ ಫಿಲ್ಮನ್ನೂ ಅಂಟಿಸುತ್ತಿದ್ದ. ಸೋಪಿನ ನೀರು ಚಿಮುಕಿಸಿ, ರಬ್ಬರಿನಿಂದ ಒತ್ತಿ ಒತ್ತಿ, ಸಂಜೆಯೊಳಗೆ ಕಾರನ್ನು ಕಪ್ಪಗೆ ಮಾಡಿ ಕೊಟ್ಟ. ನಾನು ವಾಡಿಕೆಯಂತೆ ಬಗ್ಗಿ ನೋಡಿದೆ. ಮುಂದಿನ ಎಡಗಡೆ ಗ್ಲಾಸಿನ ತುಂಬ ಹಪ್ಪಳದ ಮೇಲೆ ಎದ್ದಂಥ ಗುಳ್ಳೆಗಳು.

“ಇವೇನು ಬಾಬಾಮಿಯಾ?”

“ನೀರದರಿ ಸರ್ರ. ಬಿಸಿಲಿಗಿ ಆರತದ, ಫಿಕರ್ ಮಾಡಬ್ಯಾಡ್ರಿ. ಆರೋತನಕ ಗ್ಲಾಸ್ ಮಾತ್ರ ಇಳಸಬ್ಯಾಡ್ರಿ, ಫಿಲ್ಮ್ ಕಿತ್ತಿ ಬರತದ.”

“ಎಷ್ಟು ದಿನಾ ಬೇಕು ಆರಲಿಕ್ಕ?”

“ಅದು ಬಿಸಿಲಿಗಿ ಕೇಳ್ರಿ ಸರ್ರ, ನನಗ ಹ್ಯಾಂಗ ಗೊತ್ತಾಗಬೇಕು.”

ಅಂದಿನಿಂದ ನಮ್ಮ ಸಂಸಾರ ಗ್ಲಾಸು ಏರಿಸಿಕೊಂಡೇ ಓಡಾಡಿತು. “ಇಡ್ಲಿ ಪಾತ್ರ್ಯಾಗ ಕುಂತಂಗ ಆಗ್ಯದ ನೋಡ್ರಿ,” ಎಂದು ಪದ್ಮಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ನನಗೆ ಸೆಕೆಗಿಂತ ಗುಳ್ಳೆಯ ಚಿಂತೆ. ಹೆಬ್ಬೆರಳಿನಿಂದ ಒಂದನ್ನು ಒತ್ತಿದರೆ ಅದು ಅಲ್ಲಿಂದ ಜಾರಿ ಪಕ್ಕದಲ್ಲಿ ಏಳುತ್ತಿತ್ತು. ಗುಳ್ಳೆಗಳ ನಡುವೆ ವಾಡಿಯ ಸಿಮೆಂಟಿನದೋ ಶಹಾಬಾದಿನ ಕಲ್ಲಿನದೋ ಒಂದಿಷ್ಟು ಧೂಳು ಬೇರೆ ಸಿಕ್ಕಿಹಾಕಿಕೊಂಡಿತ್ತು. ಎಡಕ್ಕೆ ನೋಡಿದರೆ ಲೋಕವೆಲ್ಲ ಕಲಸಿದ ಹಿಟ್ಟಿನಂತೆ ಕಾಣುತ್ತಿತ್ತು. ರಸ್ತೆಯ ಮೇಲಿರಬೇಕಾದ ನನ್ನ ಕಣ್ಣು ಮತ್ತೆ ಮತ್ತೆ ಆ ಗ್ಲಾಸಿನ ಕಡೆಗೇ ಹೊರಳುತ್ತಿತ್ತು, ಹೊರಳಿದಾಗ ಮುಖ ತಾನಾಗಿ ಹಿಂಡಿಕೊಳ್ಳುತ್ತಿತ್ತು.

ಹೀಗಿರುವಾಗ ಒಂದು ಸಂಜೆ ನಾನು ಶಾಲೆಯಿಂದ ಬಂದರೆ ಪದ್ಮಾ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಗಾಗಿತ್ತು. ಸೇಡಂನಿಂದ ಅವಳ ತಾಯಿಯ ಫೋನು ಬಂದಿತ್ತು.

“ಖರೇ ಹೇಳ್ರಿ, ನಿನ್ನಿ ರಾವೂರ ಕ್ರಾಸಿನ್ಯಾಗ ಅಪ್ಪನ್ನ ನೋಡೀನೂ ನೋಡದಂಗ ಬಂದ್ರೇನು?”

ಸಂಗತಿ ಇಷ್ಟು. ಮಾವನವರು ರಾವೂರದಲ್ಲಿ ಪರಿಚಯದವರ ಮನೆಯ ಊಟ ಮುಗಿಸಿ, ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದರು. ಅಳಿಯನ ಕಾರು ಬಂದದ್ದು ಕಂಡು ಕೊಡೆ ಎತ್ತಿದರು. ಕಾರು ನಿಲ್ಲಲಿಲ್ಲ. ಅಷ್ಟೇ ಆಗಿದ್ದರೆ ಹೋಗಲಿ ಎನ್ನುತ್ತಿದ್ದರೇನೋ. ಅಳಿಯ ತಮ್ಮ ಕಡೆ ಹೊರಳಿ, ನೆಟ್ಟಗೆ ನೋಡಿ, ಮುಖ ಕಿವುಚಿ ಮುಂದೆ ಹೋದದ್ದನ್ನು ಫಿಲ್ಮಿಲ್ಲದ ಎದುರಿನ ಗ್ಲಾಸಿನಲ್ಲಿ ಅವರು ಕಣ್ಣಾರೆ ಕಂಡಿದ್ದರು.

“ನಾ ನೋಡಿದ್ದು ಗುಳ್ಳಿಗಿ,” ಎಂದೆ.

“ಎದುರಿನ ದೊಡ್ಡ ಗ್ಲಾಸಿಗಿ ಏನು ಗುಳ್ಳಿ ಇಲ್ಲಲ್ಲ. ಅದರಾಗ ಕಾಣಲಿಲ್ಲೇನು?”

ಮುಂದೆ ಕಲ್ಲು ಹೇರಿದ ಟ್ರ್ಯಾಕ್ಟರು ಧೂಳೆಬ್ಬಿಸುತ್ತ ಹೋಗುತ್ತಿತ್ತು, ಅದರ ಬೆನ್ನಿಗೇ ನಾನಿದ್ದೆ ಎಂದು ಹೇಳಿದೆ. ನಿಜವೇ ಆಗಿತ್ತು. ಆದರೆ ಗುಳ್ಳೆ, ಟ್ರ್ಯಾಕ್ಟರು, ಧೂಳು ಎಂದು ಒಂದಾದ ಮೇಲೊಂದು ಹೇಳುತ್ತ ಹೋದರೆ ನಿಜವೂ ಮನೆಪಾಠ ಮಾಡಿಕೊಂಡು ಬರದ ಹುಡುಗನ ಮಾತಿನಂತೆ ಕೇಳಿಸುತ್ತದೆ. ಅದೂ ಯಾವ ಹೊತ್ತು? ಮುಂದಿನ ತಿಂಗಳು ನಮ್ಮ ಮಗನ ಮುಂಜಿ. ‘ನಾನು ಬರೂದಿಲ್ಲ, ನಮ್ಮನ್ನ ನೋಡಿದ್ರ ಅವರಿಗೆ ಹೇಸಿಕಿ ಬರತದ’ ಎಂದು ಮಾವನವರು ಹೇಳಿಬಿಟ್ಟಿದ್ದರು.

“ಮಗನ ಜೋಡಿ ಮಾತೃಭೋಜನಕ್ಕ ಕುಂತಾಗ ಅಪ್ಪ ಎದುರಿಗಿ ಇಲ್ಲಂದ್ರ ನನಗ ತುತ್ತು ಇಳಿಯಂಗಿಲ್ಲ ನೋಡ್ರಿ,” ಎಂದು ಪದ್ಮಾ ಅಡಿಗೆ ಮನೆಗೆ ಹೋದಳು. ಅವಳು ಜಗಳ ಆಡಿದರೆ ನಾನು ಹೆದರುವುದಿಲ್ಲ, ಮೆತ್ತಗೆ ಮಾತಾಡಿದರೆ ಹೆದರುತ್ತೇನೆ. ಆ ಸಂಜೆ ನಿಜಕ್ಕೂ ಹೆದರಿದೆ.

ಉಳಿದದ್ದು ಒಂದೇ ದಾರಿ. ಕಾರನ್ನು ಸೇಡಂಗೆ ಒಯ್ದು, ಮಾವನವರನ್ನು ಅದರಲ್ಲಿ ಕೂಡಿಸಿ, ಗುಳ್ಳೆಗಳ ದರ್ಶನ ಮಾಡಿಸುವುದು. ಹೀಗೆ ನಿಶ್ಚಯವಾದ ಮೇಲೆ ಗುಳ್ಳೆಗಳ ಬಗ್ಗೆ ನನಗಿದ್ದ ಭಾವನೆಯೇ ಬದಲಾಯಿತು. ಆರಿಬಿಟ್ಟಾವು ಎಂದು ಕಾರನ್ನು ಬೇವಿನ ಮರದ ನೆರಳಿಗೆ ಸರಿಸಿದೆ. ನೆರಳು ಸರಿದಂತೆಲ್ಲ ಕಾರನ್ನೂ ಸರಿಸಿದೆ. ಬಿಸಿಲು ಜೋರಾಗಿದ್ದ ದಿನ ಎಡಗಡೆ ಗ್ಲಾಸಿಗೆ ನನ್ನ ಟವೆಲನ್ನೇ ಹೊದಿಸಿದೆ. ಕೊನೆಗೆ ಒಳ್ಳೆಯ ದಿನ ನೋಡಿ, ಮುಂಜಿಯ ಕರೆಯುವ ಶಾಸ್ತ್ರಕ್ಕೆಂದು ಅಕ್ಷತೆ ಹಿಡಿದುಕೊಂಡು ಹೊರಟೆವು. ಪದ್ಮಾ ಎಡಗಡೆ ಗ್ಲಾಸಿಗೆ ತಲೆ ಆನಿಸಿ ದಾರಿಯುದ್ದಕ್ಕೂ ನಿದ್ದೆ ಮಾಡಿದಳು.

ಮಾವನವರು ಅಕ್ಷತೆ ತೆಗೆದುಕೊಂಡರು, ಮಾತು ತೆಗೆಯಲಿಲ್ಲ. ನಾನು ವಿನಯದಿಂದ, “ಮಾವನೋರ, ಒಂದು ಸಲ ಕಾರಿನ್ಯಾಗ ಕುಂದ್ರಿ. ಎಡಗಡಿ ಗ್ಲಾಸಿನಿಂದ ಏನರ ಕಾಣ್ತದೇನು ನೀವೇ ಹೇಳ್ರಿ,” ಎಂದೆ. ಅತ್ತೆ ಒತ್ತಾಯ ಮಾಡಿದ್ದರಿಂದ ಬಂದರು. ಕೂತರು. ನಾನು ಹೊರಗಿನಿಂದ ಗ್ಲಾಸಿನ ಧೂಳು ಒರೆಸಿದೆ.

ಒಂದೂ ಗುಳ್ಳೆ ಇರಲಿಲ್ಲ. ಚಿತ್ತಾಪುರದಿಂದ ಸೇಡಂವರೆಗಿನ ಬಿಸಿಲು ಒಂದನ್ನೂ ಉಳಿಸದೆ ಕುಡಿದುಬಿಟ್ಟಿತ್ತು. ಬಾಬಾಮಿಯಾ ಹೇಳಿದ ಮಾತು ಇಷ್ಟು ಅಚ್ಚುಕಟ್ಟಾಗಿ ನಿಜವಾದದ್ದಕ್ಕೆ ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಳಗಿನಿಂದ ಮಾವನವರ ಧ್ವನಿ ಕೇಳಿಸಿತು. ಎದುರಿನ ಕಿರಾಣಿ ಅಂಗಡಿಯ ಬೋರ್ಡನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು. ಮಾಲೀಕನ ಹೆಸರು, ಅವನ ಅಪ್ಪನ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ‘ಉದ್ರಿ ಇಲ್ಲ’ ಎಲ್ಲವನ್ನೂ ಓದಿ, “ಚಷ್ಮಾ ಮನ್ಯಾಗ ಬಿಟ್ಟು ಬಂದೀನಿ, ಅಳಿಯಂದ್ರ,” ಎಂದರು.

ಪದ್ಮಾ ನನ್ನ ಕಡೆ ನೋಡಿದ ನೋಟವನ್ನು ಬರೆಯಲು ಹೋಗುವುದಿಲ್ಲ. ಆದರೂ ಅವಳು ಧೈರ್ಯ ಬಿಡಲಿಲ್ಲ. ಮಾವನವರ ತಂಗಿ ಚಿಂಚೋಳಿಯಲ್ಲಿದ್ದರು. ಅವರನ್ನೂ ಮುಂಜಿಗೆ ಕರೆಯಬೇಕಿತ್ತು, ಅಣ್ಣ ಬಂದು ಕರೆಯದೆ ಅವರು ಹೊಸ್ತಿಲು ದಾಟುವವರಲ್ಲ. “ನನ್ನ ಸಲುವಾಗಿ ಬರಬ್ಯಾಡಪ್ಪಾ, ಅತ್ತಿ ಸಲುವಾಗಿ ಬಾ,” ಎಂದಳು. ತಂಗಿಯ ಮಾತು ಬಂದಾಗ ಮಾವನವರು ಇಲ್ಲವೆನ್ನಲಿಲ್ಲ. ಹಿರಿಯರೆಂದು ಮುಂದಿನ ಸೀಟು ಕೊಟ್ಟೆವು. ಗುಳ್ಳೆ ಆರಿದ್ದರಿಂದ ಗ್ಲಾಸು ಇಳಿಸಿ, ಗಾಳಿಗೆ ಮುಖವೊಡ್ಡಿ, ನನ್ನ ಕಡೆ ನೋಡದೆ ಕೂತರು.

ಸೇಡಂ ಬಸ್‌ಸ್ಟ್ಯಾಂಡಿನ ಹತ್ತಿರ ಮಾವನವರ ಜೊತೆ ಕೆಲಸ ಮಾಡಿದ್ದ ಹಣಮಂತರಾಯರು ಚೀಲ ಹಿಡಿದು ನಿಂತಿದ್ದರು. ಕಾರಿನ ಕಡೆ ಕೈ ಎತ್ತಿದರು. ನಾನು ಪಾಠ ಕಲಿತವನು. ಕೂಡಲೇ ವೇಗ ತಗ್ಗಿಸಿದೆ.

“ನಿಲ್ಲಸಬ್ಯಾಡ್ರಿ,” ಎಂದರು ಮಾವನವರು.

“ನಿಮಗ ಕೈ ಮಾಡಾಕತ್ತಾರ್ರಿ, ಮಾವನೋರ.”

“ಗೊತ್ತದರಿ. ಹತ್ತಿದ್ರ ಚಿಂಚೋಳಿ ಬರೋತನಕ ತನ್ನ ಆಪರೇಷನ್ನಿನ ಕತಿ ಹೇಳತಾನ. ನಡೀರಿ, ನಡೀರಿ.” ಹೇಳುತ್ತಲೇ ಅವರ ಕೈ ಹಿಡಿಕೆಯನ್ನು ಗರಗರ ತಿರುವುತ್ತಿತ್ತು. ಕಪ್ಪು ಗ್ಲಾಸು ಮೇಲೇರಿತು. ಮಾವನವರು ಶಲ್ಯ ಸರಿಪಡಿಸುವ ನೆಪದಲ್ಲಿ ತಲೆ ಬಗ್ಗಿಸಿದರು. ಹಣಮಂತರಾಯರು ಹಿಂದೆ ಉಳಿದರು. ಹಿಂದಿನ ಸೀಟಿನಲ್ಲಿ ಪದ್ಮಾಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ನಾನು ರಸ್ತೆ ಬಿಟ್ಟು ಎಲ್ಲಿಯೂ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮಾವನವರು ಗಂಟಲು ಸರಿಮಾಡಿಕೊಂಡು, “ಫಿಲ್ಮ್ ಭಾಳ ಚಂದ ಹಾಕ್ಯಾನ್ರಿ,” ಎಂದರು. ರಾವೂರದ ನಂತರ ನನಗೆ ಅವರು ಆಡಿದ ಮೊದಲ ಸವಿಮಾತು ಅದು.

ಮುಂಜಿಗೆ ಮಾವನವರು ಎಲ್ಲರಿಗಿಂತ ಮೊದಲೇ ಬಂದರು. ಹಣಮಂತರಾಯರೂ ಬಂದರು, ಬಂದವರೇ ತಕರಾರು ತೆಗೆದರು. “ಅಲ್ಲೋ ಮಾರಾಯಾ, ಅಷ್ಟು ಕೈ ಮಾಡಿದೆ, ಹಂಗೇ ಹೋದೆಲ್ಲ?”

“ಎಲ್ಲಿ? ಯಾವಾಗ?” ಎಂದು ಮಾವನವರು ಬಹಳ ಆಶ್ಚರ್ಯಪಟ್ಟರು. “ಆ ಗ್ಲಾಸಿನ ತುಂಬ ಗುಳ್ಳಿ ಎದ್ದಾವಪ್ಪಾ, ಏನಂದ್ರ ಏನೂ ಕಾಣಂಗಿಲ್ಲ. ಬೇಕಾದ್ರ ನಮ್ಮ ಅಳಿಯಂದಿರನ್ನ ಕೇಳು.”

ನಾನು ಹೌದೆಂದೆ. ಧೂಳಿನ ಸಂಗತಿಯನ್ನೂ ಸೇರಿಸಿದೆ. ಮಾತೃಭೋಜನಕ್ಕೆ ಕೂತ ಪದ್ಮಾ ಎದುರಿಗಿದ್ದ ಅಪ್ಪನನ್ನು ನೋಡುತ್ತ ಮಗನಿಗೆ ತುತ್ತು ಕೊಟ್ಟಳು, ತಾನೂ ಉಂಡಳು. ಎಷ್ಟೋ ದಿನಗಳಿಂದ ನನ್ನ ಎದೆಯ ಮೇಲೆ ಕೂತಿದ್ದ ಶಹಾಬಾದಿ ಪರಸಿ ಕಲ್ಲು ಅಲ್ಲಿಗೆ ಇಳಿಯಿತು. ಅವತ್ತು ಪಂಕ್ತಿಯಲ್ಲಿ ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡೆ. ಒಂದರಲ್ಲೂ ಐಬು ಕಾಣಲಿಲ್ಲ.

ಆಮೇಲೆ ಮಾವನವರಿಗೆ ನಮ್ಮ ಕಾರಿನ ಮೇಲೆ ಮನಸ್ಸಾಯಿತು. ಎಲ್ಲಿಗಾದರೂ ಹೋಗುವುದಿದ್ದರೆ ಪದ್ಮಾಳ ತಮ್ಮ ಗುರುರಾಜ ಬಂದು ಕಾರು ಒಯ್ಯುತ್ತಿದ್ದ. ಹೀಗೆ ಅವರಿಬ್ಬರೂ ನಾಲವಾರಕ್ಕೆ ಹೋದ ದಿನ ನಾನು ಬಸ್ಸಿನಲ್ಲಿ ಓಡಾಡಬೇಕಾಯಿತು. ರಾವೂರದಲ್ಲಿ ಒಬ್ಬ ಸಹೋದ್ಯೋಗಿಯ ಮನೆಗೆ ಹೋಗಿ, ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಅಷ್ಟರಲ್ಲಿ ವಾಡಿಯ ಕಡೆಯಿಂದ ನನ್ನದೇ ಕಾರು ಬಂತು. ಸಂತೋಷದಿಂದ ಕೈ ಎತ್ತಿದೆ. ಎಡಗಡೆ ಗ್ಲಾಸು ಗರಗರ ಮೇಲೇರಿತು, ಕಾರು ಮುಂದೆ ಹೋಯಿತು.

ನಾನು ಮನೆ ಮುಟ್ಟುವ ಹೊತ್ತಿಗೆ ಮಾವನವರು ಹೊರಗಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. “ಅಯ್ಯ, ಅಲ್ಲಿ ನಿಂತಿದ್ರೇನು? ಆ ಗ್ಲಾಸಿನ್ಯಾಗ ಏನೂ ಕಾಣಂಗಿಲ್ಲ ನೋಡ್ರಿ,” ಎಂದರು. ಪದ್ಮಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಹಿಂದೆಯೇ ಹೋಗಿ ಕೇಳಿದೆ. ಗುರುರಾಜ ಅಕ್ಕನ ಮುಂದೆ ಎಲ್ಲ ಹೇಳಿಬಿಟ್ಟಿದ್ದ.

“ಅಪ್ಪ ನಿಮ್ಮನ್ನ ದೂರದಿಂದೇ ನೋಡ್ಯಾನಂತ್ರಿ. ‘ನಿಲ್ಲಸಬ್ಯಾಡಪಾ, ಅವರು ಹತ್ತಿದ್ರ ಚಿತ್ತಾಪುರತನಕ ಗಾಡ್ಯಾಗ ಏನೇನು ಕೆಟ್ಟದ ಅಂತ ಹೇಳಿಕೋತ ಬರತಾರ’ ಅಂದನಂತ.”

ಹೊರಗೆ ಬಂದೆ. ಆದರೂ ತಡೆಯದೆ ಕಾರಿನ ಹತ್ತಿರ ಹೋಗಿ ಎಡಗಡೆ ಗ್ಲಾಸನ್ನು ಬಗ್ಗಿ ನೋಡಿದೆ. ಒಂದು ಗುಳ್ಳೆಯೂ ಇರಲಿಲ್ಲ. ಒಳಗಿನ ಹಿಡಿಕೆ ಮಾತ್ರ, ಅವಸರದಲ್ಲಿ ತಿರುವಿದ್ದಕ್ಕೋ ಏನೋ, ಸ್ವಲ್ಪ ಸಡಿಲಾಗಿತ್ತು. ಹೇಳೋಣವೆಂದು ಮಾವನವರ ಕಡೆ ತಿರುಗಿ ಬಾಯಿ ತೆರೆದೆ. ತೆರೆದವನು ಹಾಗೆಯೇ ಮುಚ್ಚಿಕೊಂಡೆ.