ಒಂದು ಬಾವಿಯಷ್ಟು ದೂರ

ಅಳತೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಬೇರೆ ವಿಷಯಗಳಲ್ಲಿ ಇಲ್ಲವೆಂದಲ್ಲ. ಅವನ್ನು ಹೊರಗೆ ತೋರಿಸಿಕೊಳ್ಳುವುದಿಲ್ಲ, ಅಷ್ಟೆ. ಹಿಂದೂಪುರದ ಒಂದು ನೂಲಿನ ಗಿರಣಿಯಲ್ಲಿ ದಾರದ ದಪ್ಪ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಕಣ್ಣಿಗೆ ಕಾಣದ ವ್ಯತ್ಯಾಸಕ್ಕೂ ಮಾಲು ತಡೆದು ಹೆಸರು ಮಾಡಿದ್ದೇನೆ. ಮನೆಯಲ್ಲಿ ಅಮ್ಮ ಸಾರಿಗೆ ಉಪ್ಪನ್ನು ಬರಿಗೈಯಲ್ಲಿ ಹಾಕುವುದನ್ನು ಕಂಡರೆ ಮುಖ ತಿರುಗಿಸಿಕೊಳ್ಳುತ್ತೇನೆ. ಸಾರು ಮಾತ್ರ ಚೆನ್ನಾಗಿಯೇ ಇರುತ್ತದೆ. ಅದು ಬೇರೆ ವಿಷಯ.

ಇಂಥವಳಿಗೆ ಗಾಲ್ಫ್ ಗಂಟುಬಿದ್ದದ್ದು ಆಕಸ್ಮಿಕ. ಬೆಂಗಳೂರಿನಿಂದ ಬರುವ ಗಿರಾಕಿಗಳನ್ನು ಖುಷಿಪಡಿಸಲೆಂದು ನಮ್ಮ ಮ್ಯಾನೇಜರ್ ಗಿರಣಿಯ ಹಿಂದೆ ಒಂದಿಷ್ಟು ಹುಲ್ಲು ಬೆಳೆಸಿದ್ದರು. ಒಂದು ದಿನ ಆಟಕ್ಕೆ ಜನ ಸಾಲದೆ ನನ್ನ ಕೈಗೂ ಒಂದು ಕೋಲು ಕೊಟ್ಟರು. ನಾನು ಹೊಡೆದ ಚೆಂಡು ಕಾಂಪೌಂಡು ದಾಟಿ ಪಕ್ಕದ ಹುಣಸೆಹಣ್ಣಿನ ಮಂಡಿಯ ತಗಡಿನ ಮೇಲೆ ಬಿತ್ತು. ಗಿರಾಕಿಗಳು ಚಪ್ಪಾಳೆ ತಟ್ಟಿದರು. ಮಂಡಿಯವರು "ಎವರ್ರಾ ಅದಿ?", ಯಾರೋ ಅದು, ಎಂದು ತೆಲುಗಿನಲ್ಲಿ ಕೂಗಿದರು. ಎರಡನ್ನೂ ನಾನು ಪ್ರಶಂಸೆಯೆಂದೇ ತೆಗೆದುಕೊಂಡೆ. ಬೆಂಗಳೂರಿನ ಇನ್ನೊಂದು ಕಂಪೆನಿಯ ಜೊತೆ ವರ್ಷಕ್ಕೊಮ್ಮೆ ನಡೆಯುವ ಪಂದ್ಯದ ತಂಡಕ್ಕೆ ನನ್ನ ಹೆಸರು ಸೇರಿತು. ಅಲ್ಲಿಯವರೆಗೆ ಆ ಪಂದ್ಯದಲ್ಲಿ ನನ್ನ ಪಾತ್ರವೆಂದರೆ ಚಿತ್ರಾನ್ನದ ಪೊಟ್ಟಣ ಹಂಚುವುದು. "ಚೆನ್ನಾಗಿ ಆಡಿದ್ರೆ ತಂಡದಲ್ಲಿರಿ ಮೇಡಂ, ಇಲ್ಲಾಂದ್ರೆ ಚಿತ್ರಾನ್ನ ಇದ್ದೇ ಇದೆ" ಎಂದರು ಮ್ಯಾನೇಜರ್. ತಮಾಷೆಗೇ ಅಂದಿರಬಹುದು. ಆದರೆ ಆ ವಾರ ಅಮ್ಮ ಚಿತ್ರಾನ್ನ ಮಾಡಿದಾಗ ನನಗೆ ಹಸಿವೆಯಾಗಲಿಲ್ಲ.

ಗಾಲ್ಫಿನಲ್ಲಿ ಚೆಂಡು ಹೊಡೆಯುವುದು ಅರ್ಧ ಕೆಲಸ. ಬಾವುಟ ಎಷ್ಟು ಗಜ ದೂರದಲ್ಲಿದೆ, ಯಾವ ನಂಬರಿನ ಕೋಲಿನಿಂದ ಹೊಡೆದರೆ ಚೆಂಡು ಎಷ್ಟು ದೂರ ಹೋಗುತ್ತದೆ ಎಂದು ತಿಳಿಯುವುದು ಇನ್ನರ್ಧ. ಮ್ಯಾನೇಜರ್ ಬಳಿ ಉಪಗ್ರಹದ ಸಹಾಯದಿಂದ ದೂರ ಹೇಳುವ ಜಿಪಿಎಸ್ ಇತ್ತು, ಹೊರದೇಶದಿಂದ ತರಿಸಿದ್ದು. ಬೆಲೆ ಕೇಳಿದೆ. ಕೇಳಿದ ಮೇಲೆ, ಸುಮ್ಮನೆ ಮಾತಿಗೆ ಕೇಳಿದೆ ಎಂಬಂತೆ ಕಿಟಕಿಯಾಚೆ ನೋಡಿದೆ. ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ವಿಚಾರಿಸಿದೆ. ಅಂಗೈಯಲ್ಲಿ ಹಿಡಿಯುವಂಥದ್ದು, ಬಟನ್ ಇರುತ್ತದೆ, ಆಕಾಶದಿಂದ ಸಿಗ್ನಲ್ ಬರುತ್ತದೆ ಎಂದು ವಿವರಿಸಿದಾಗ ಅಂಗಡಿಯಾತ ಡಿಶ್ ಟೀವಿಯ ರಿಮೋಟು ತಂದಿಟ್ಟ. "ಇದೇ ಕಣಮ್ಮ ನೀವ್ ಹೇಳಿದ್ದು. ಎಲ್ಲಾ ಚಾನೆಲ್ಲೂ ಬತ್ತದೆ" ಎಂದ.

ಕೊನೆಗೆ ನೆರವಿಗೆ ಬಂದವನು ಕಲ್ಯಾಣದುರ್ಗದಲ್ಲಿರುವ ದೊಡ್ಡಪ್ಪನ ಮಗ, ರಘು ಅಣ್ಣ. ಅವನು ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸುವ ಕಂಪೆನಿಯಲ್ಲಿ ಸರ್ವೆ ಮಾಡುತ್ತಿದ್ದ. ಕಂಪೆನಿ ಬೇಡವೆಂದು ಮಾರಿದ ಹಳೆಯ ಜಿಪಿಎಸ್ ಅವನ ಬಳಿ ಬಿದ್ದಿತ್ತು. "ತಗೊಂಡೋಗಮ್ಮ. ಬ್ಯಾಟರಿ ಮುಚ್ಚಳ ಇಲ್ಲ, ರಬ್ಬರ್ ಬ್ಯಾಂಡ್ ಹಾಕ್ಕೋ" ಎಂದ. ಅದಕ್ಕೆ ಗಾಲ್ಫ್ ಗೊತ್ತಿರಲಿಲ್ಲ. ಒಂದು ಜಾಗದಲ್ಲಿ ನಿಂತು ಬಟನ್ ಒತ್ತಿದರೆ ಆ ಜಾಗವನ್ನು ನೆನಪಿಟ್ಟುಕೊಂಡು, ಅಲ್ಲಿಂದ ನಾವು ಎಷ್ಟು ದೂರ ಬಂದೆವೆಂದು ಹೇಳುತ್ತಿತ್ತು. ಯಾವ ಕೋಲಿಗೆ ಎಷ್ಟು ದೂರವೆಂದು ಕಲಿಯಲು ಅಷ್ಟು ಸಾಕು. ಇಡೀ ಗಿರಣಿಯಲ್ಲಿ ಯಾರಿಗೂ ಹೊಳೆಯದ ಉಪಾಯವೆಂದು ಬಸ್ಸಿನಲ್ಲಿ ನಾನೊಬ್ಬಳೇ ನಕ್ಕೆ.

ಭಾನುವಾರಗಳಂದು ಕಲ್ಯಾಣದುರ್ಗದ ಒಣ ಕೆರೆಯ ಅಂಗಳವೇ ನನ್ನ ಮೈದಾನವಾಯಿತು. ಮದುವೆಯಾಗದ ಹುಡುಗಿ ಅಲ್ಲಿಗೆ ಒಬ್ಬಳೇ ಹೋಗುವುದುಂಟೆ? ಕಾವಲಿಗೆ, ರಘು ಅಣ್ಣನ ಮನೆಯಲ್ಲೇ ಇರುವ ನಮ್ಮ ಅಜ್ಜಿ ಬರುತ್ತಿದ್ದರು. ಅವರ ಹಳೆಯ ಸೀರೆಯ ತುಂಡನ್ನು ಕೋಲಿಗೆ ಕಟ್ಟಿ ಬಾವುಟವೆಂದು ನೆಟ್ಟೆ. ಅಜ್ಜಿ ಅದರ ಹತ್ತಿರವೇ ಜಾಲಿ ಮರದ ಕೆಳಗೆ ಕೂತರು. ಚೆಂಡು ತಾಗೀತು, ದೂರ ಕೂತುಕೋ ಎಂದೆ. "ಮೊದ್ಲು ನಿನ್ ಚೆಂಡು ಇಲ್ಲೀಗಂಟ ಬರ್ಲಿ ಕಣಮ್ಮ, ಆಮ್ಯಾಕೆ ನೋಡಾನ" ಎಂದು ಎಲೆಅಡಿಕೆ ಬಿಚ್ಚಿದರು. ಕುರಿ ಮೇಯಿಸುವ ಒಬ್ಬರು ನನ್ನ ಕೈಯ ಯಂತ್ರ ನೋಡಿ ಗಾಳಿಯಂತ್ರದ ಕಂಪೆನಿಯವಳೆಂದುಕೊಂಡು, "ಫ್ಯಾನು ಹಾಕಾಕೆ ಬಂದಿದ್ದೀರೇನಮ್ಮಾ? ಮಾ ಚೇನ್ಲೋ ಪೆಟ್ಟಂಡಿ, ನಮ್ಮ ಹೊಲದಾಗೆ ಗಾಳಿ ಜಾಸ್ತಿ" ಎಂದು ಅರ್ಜಿ ಹಾಕಿಕೊಂಡರು.

ಮೊದಮೊದಲು ಚೆಂಡು ಬಾವುಟ ಮುಟ್ಟುತ್ತಿರಲಿಲ್ಲ. ಅಜ್ಜಿ ಚೆಂಡುಗಳನ್ನು ಮಡಿಲಲ್ಲಿ ತುಂಬಿಕೊಂಡು ತಂದುಕೊಟ್ಟು, ನನ್ನ ಮುಖ ನೋಡಿ ಮತ್ತೆ ಜಾಲಿ ಮರದ ಕೆಳಗೆ ಹೋಗಿ ಕೂರುತ್ತಿದ್ದರು. ಕೆಲವು ವಾರಗಳಲ್ಲಿ ಅದ್ಭುತವೇ ನಡೆಯಿತು. ಬಾವುಟದ ಬಳಿ ಬಟನ್ ಒತ್ತಿ, ನಡೆದು ಬಂದು ನೂರಮೂವತ್ತು ಗಜ ಎಂದು ನೋಡಿ, ಬ್ಯಾಟರಿ ಉಳಿಯಲೆಂದು ಯಂತ್ರ ಆರಿಸಿ ಎಂಟನೇ ನಂಬರಿನಲ್ಲಿ ಹೊಡೆದರೆ, ಚೆಂಡು ನೇರ ಬಾವುಟದ ಬುಡಕ್ಕೆ! ಉಳಿದ ಕೋಲುಗಳಲ್ಲೂ ಹಾಗೆಯೇ. ನನ್ನ ತೋಳಿನಲ್ಲಿ ಇಷ್ಟು ಶಕ್ತಿಯಿದೆಯೆಂದು ನನಗೇ ಗೊತ್ತಿರಲಿಲ್ಲ. ಹಿಂದೂಪುರದ ಬಸ್ಸಿನಲ್ಲಿ ತೋಳು ಮುಟ್ಟಿ ನೋಡಿಕೊಂಡೆ.

ಪಂದ್ಯದ ದಿನ ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ ಮ್ಯಾನೇಜರ್ ತಮ್ಮ ಜಿಪಿಎಸ್ ನೋಡಿ "ನೂರಮೂವತ್ತು" ಎಂದರು. ನಾನು ಶಾಂತವಾಗಿ ಎಂಟನೇ ನಂಬರು ತೆಗೆದೆ. ಇಷ್ಟು ಸೊಗಸಾದ ಹೊಡೆತ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಚೆಂಡು ಅಷ್ಟೇ ಸೊಗಸಾಗಿ ಬಾವುಟದ ಮುಂದಿನ ಕೊಳಕ್ಕೆ ಬಿತ್ತು. ಮುಂದಿನದು ಮರಳಿಗೆ. ಅದರ ಮುಂದಿನದು ಎಲ್ಲಿಗೆಂದು ಹೇಳುವುದಿಲ್ಲ. ಮಧ್ಯದಲ್ಲಿ ಚಹಾಕ್ಕೆ ನಿಂತಾಗ ಮ್ಯಾನೇಜರ್ ಚಿತ್ರಾನ್ನದ ಪೊಟ್ಟಣಗಳ ಕಡೆ ನೋಡಿದರೋ ಇಲ್ಲವೋ, ನನಗಂತೂ ಹಾಗನ್ನಿಸಿತು. ಮರೆಗೆ ಹೋಗಿ ರಘು ಅಣ್ಣನ ಮೊಬೈಲಿಗೆ ಫೋನ್ ಮಾಡಿ, "ನಿನ್ನ ಯಂತ್ರ ಕೆಟ್ಟಿದೆ" ಎಂದು ರೇಗಿದೆ. "ಅದ್ರಾಗೇ ಕಣಮ್ಮ ಗುಡ್ಡದ್ ತುಂಬ ಫ್ಯಾನ್ ನಿಲ್ಸಿದ್ದು! ಒಂದಾದ್ರೂ ಬಿದ್ದೈತಾ?" ಎಂದು ಅವನೂ ರೇಗಿದ. ಅಷ್ಟರಲ್ಲಿ ಅಜ್ಜಿ ಫೋನ್ ಕಿತ್ತುಕೊಂಡರು.

"ಮಿಷನ್ನ ಬೈಬ್ಯಾಡ ಕಣವ್ವ. ನೀನು ಬೆನ್ನು ತಿರುಗಿಸಿದ್ ಕೂಡ್ಲೆ ಬಾವುಟದ ಕೋಲು ಕಿತ್ತು ನಾನೇ ನಿನ್ ಕಡೀಕೆ ಒಸಿ ಮುಂದಕ್ಕೆ ನೆಡ್ತಿದ್ದೆ. ಮೊಕ ಅಷ್ಟು ಸಣ್ಣ ಮಾಡ್ಕೊಂಡಿದ್ದೆಲ್ಲ."

"ಎಷ್ಟು ಮುಂದಕ್ಕೆ ಅಜ್ಜಿ?"

"ನಮ್ಮನೆ ಬಾಗ್ಲಿಂದ ಬಾವಿಗಂಟ ಇರಬೋದು."

ಶಾಲೆಯ ರಜೆಗಳಲ್ಲೆಲ್ಲ ಕೊಡ ಹೊತ್ತು ನಡೆದ ಆ ದೂರವನ್ನು ನನ್ನ ಸೊಂಟ ಚೆನ್ನಾಗಿ ಬಲ್ಲದು. ಅಲ್ಲಿಂದ ಮುಂದೆ ಮ್ಯಾನೇಜರ್ ಎಷ್ಟು ಗಜ ಹೇಳಿದರೂ ಅದಕ್ಕೆ ಒಂದು ಬಾವಿಯಷ್ಟು ಕೂಡಿಸಿ, ಅದಕ್ಕೆ ತಕ್ಕ ಕೋಲು ತೆಗೆದೆ. ಪಂದ್ಯ ಸೋತೆವು, ನಿಜ. ಆದರೆ ಕೊನೆಯಲ್ಲಿ ನನ್ನ ಚೆಂಡು ಬಾವುಟದ ಕೋಲಿಗೆ ಟಣ್ಣೆಂದು ತಾಗಿ ನಿಂತಾಗ ಎದುರಾಳಿಗಳೂ ಟೋಪಿ ತೆಗೆದರು. "ನಿಮ್ಮದು ಯಾವ ಜಿಪಿಎಸ್ ಮೇಡಂ?" ಎಂದು ಮ್ಯಾನೇಜರ್ ಕೇಳಿದರು. ರಬ್ಬರ್ ಬ್ಯಾಂಡ್ ಸುತ್ತಿದ್ದ ಯಂತ್ರವನ್ನು ಚೀಲದಿಂದ ತೆಗೆದು ತೋರಿಸಿದೆ. ಅಜ್ಜಿಯ ವಿಷಯ ಹೇಳಲಿಲ್ಲ. ಮರುವರ್ಷ ಚಿತ್ರಾನ್ನ ಹಂಚುವ ಕೆಲಸ ಅಕೌಂಟ್ಸ್ ವಿಭಾಗಕ್ಕೆ ಹೋಯಿತು.

ಎಂಟನೇ ನಂಬರಿನಲ್ಲಿ ಎಷ್ಟು ದೂರ ಹೊಡೆಯುತ್ತೀರಿ ಎಂದು ಗಿರಣಿಯಲ್ಲಿ ಈಗಲೂ ಯಾರಾದರೂ ಕೇಳುವುದುಂಟು. ದಾರದ ದಪ್ಪದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ನಾನು, ಲೆಕ್ಕ ಹಾಕುವವಳಂತೆ ಬೆರಳು ಮಡಿಸಿ, ನೂರಮೂವತ್ತು ಗಜವೆಂದು ಕಲ್ಯಾಣದುರ್ಗದ ದೂರವನ್ನೇ ಹೇಳುತ್ತೇನೆ.