ಪೇಟಿಯೊಳಗಿನ ಅಕ್ಷತೆ

ಮುಚ್ಚಿಟ್ಟದ್ದನ್ನು ಬಿಚ್ಚಿ ನೋಡದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಕೆಟ್ಟದ್ದನ್ನು ಬಿಚ್ಚುವವರು ಮೆಕ್ಯಾನಿಕ್‌ಗಳು. ಸರಿಯಾಗಿರುವುದನ್ನು ಬಿಚ್ಚುವವನು ನಾನು. ಒಮ್ಮೆ ಮಿಕ್ಸರು ಬಿಚ್ಚಿ ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಅದಿಲ್ಲದೆಯೂ ಮಿಕ್ಸರು ತಿರುಗುತ್ತದೆ, ಆದರೆ ಚಟ್ನಿ ರುಬ್ಬುವಾಗ ಕಟ್ಟೆಯ ಮೇಲೆ ತಾನೇ ನಡೆದು ಸಿಂಕಿನ ತನಕ ಹೋಗುತ್ತದೆ. ಕಂಪನಿಯವರು ಒಂದು ಸ್ಕ್ರೂ ಹೆಚ್ಚಿಗೇ ಹಾಕಿರುತ್ತಾರೆ ಎಂದು ವಾದಿಸಿದೆ. ಹೆಂಡತಿ ಸರೋಜ ಒಪ್ಪಲಿಲ್ಲ.

ಇಂಥ ನನ್ನ ಕೈಗೆ ಅವಳು ಭಜನಾ ಮಂಡಳಿಯ ಹಾರ್ಮೋನಿಯಂ ಒಪ್ಪಿಸಿದಳು. ಮುಂಬಯಿಯ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡ, ವಿಜಾಪುರದ ಕಡೆಯ ಹೆಂಗಸರು ಏಕಾದಶಿಗೆ ಸೇರಿ ಭಜನೆ ಮಾಡುತ್ತಾರೆ. ಹಾರ್ಮೋನಿಯಂಗೆ ನಮ್ಮವರು ಪೇಟಿ ಎನ್ನುತ್ತಾರೆ. ಅದು ಇರುವುದು ನಮ್ಮ ಮನೆಯಲ್ಲಿ, ನುಡಿಸುವವಳು ಸರೋಜ. ಈ ಸಲ ಬಿಲ್ಡಿಂಗಿಗೆಲ್ಲ ನೆಗಡಿ. ಏಕಾದಶಿಯ ಬೆಳಿಗ್ಗೆ ಅವಳು ಕೊರೊನಾ ಕಾಲದಿಂದ ಉಳಿದಿದ್ದ ಸ್ಯಾನಿಟೈಜರ್ ಬಾಟಲಿ, ಒಂದು ಬಟ್ಟೆ ತಂದು ನನ್ನ ಮುಂದಿಟ್ಟಳು.

"ಎಲ್ಲಾರೂ ಸೀನಿದ ಕೈಲೇ ಮುಟ್ಟತಾರ. ಮ್ಯಾಲಿಂದ ಮ್ಯಾಲ ಒರಸ್ರಿ. ಒಳಗ ಕೈ ಹಾಕಬ್ಯಾಡ್ರಿ ಮತ್ತ."

ಒಳಗೆ ಎಂಬ ಮಾತನ್ನು ಅವಳು ಎತ್ತಲೇಬಾರದಿತ್ತು. ಇಷ್ಟು ವರ್ಷ ಕೇಳಿದ ಆ ಸ್ವರಗಳೆಲ್ಲ ಒಳಗೆ ಎಲ್ಲಿ ಕೂತಿರುತ್ತವೆ? ಸರೋಜ ಮಾರ್ಕೆಟ್ಟಿಗೆ ಹೋದದ್ದೇ ತಡ, ಸ್ಕ್ರೂಡ್ರೈವರು ಕೈಗೆ ಬಂತು. ಒಳಗೆ ಊದುಬತ್ತಿಯ ವಾಸನೆ, ಒಂದು ತಲೆಪಿನ್ನು, ಜಿರಳೆಯ ಕಾಲು, ಮತ್ತೆ ಸಾಲಾಗಿ, ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆಯ ರೀಡುಗಳು. ಒಂದು ರೀಡಿನ ಸಂದಿಯಲ್ಲಿ ಕುಂಕುಮ ಹತ್ತಿದ ಅಕ್ಕಿಯ ನುಚ್ಚು! ಪ್ರತಿವರ್ಷ ಖಂಡೇನವಮಿಗೆ ನಾವು ಪೇಟಿಗೆ ಪೂಜೆ ಮಾಡಿ ಅಕ್ಷತೆ ಹಾಕುತ್ತೇವೆ. ಯಾವ ವರ್ಷದ್ದೋ ಅದು, ಸ್ವರದ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಡುವಿನ ಒಂದು ಬಿಳಿಪಟ್ಟಿ ಎಷ್ಟು ಒತ್ತಿದರೂ ತುಟಿ ಪಿಟಕ್ಕೆನ್ನದೆ ಇದ್ದದ್ದು ಇದಕ್ಕೇ. ಕಡ್ಡಿಯಿಂದ ನುಚ್ಚನ್ನು ಎಬ್ಬಿಸಿದೆ. ಪಟ್ಟಿ ಹಾಡಿತು. ಸ್ಕ್ರೂಗಳು ಕೂಡ ಸರಿಹೋದವು, ಒಂದೂ ಉಳಿಯಲಿಲ್ಲ. ಸಂಜೆಯವರೆಗೂ ಒಳಗೊಳಗೇ ಹಿಗ್ಗಿದೆ.

ಸಂಜೆ ಭಜನೆ ಸುರುವಾಯಿತು. ಮುಂದಾಗಿ ಹಾಡುವವರು ಮಂಡಳಿಗೆ ಹಿರಿಯರಾದ ಸುಶೀಲಾ ಕಾಕು. ಆ ಮೂಕ ಪಟ್ಟಿಯ ಜಾಗ ಬಂದಾಗ ಅವರು ಕಣ್ಣು ಮುಚ್ಚಿ "ಆ..." ಎಂದು ತಮ್ಮದೇ ಒಂದು ಸ್ವರ ಎಳೆಯುವುದು, ಉಳಿದವರು ತಲೆದೂಗುವುದು ರೂಢಿ. ಪೇಟಿ ಸುಮ್ಮನಿರುತ್ತಿದ್ದರಿಂದ ತಕರಾರು ಎತ್ತುವವರೇ ಇರಲಿಲ್ಲ. ಅಂದು ಪೇಟಿಯೂ ಬಾಯಿಬಿಟ್ಟಿತು, ಅದರ ಸ್ವರವೇ ಬೇರೆ. ಪೇಟಿ ಫಾಸ್ಟ್ ಲೋಕಲ್, ಕಾಕು ಸ್ಲೋ ಲೋಕಲ್. ದಾದರ್ ದಾಟಿದರೂ ಎರಡೂ ಕೂಡಲಿಲ್ಲ. ಮತ್ತೆ ಹಾಡಿದರು, ಮತ್ತೆ ಹಾಗೇ ಆಯಿತು. ಕಾಕು ತಾಳ ಕೆಳಗಿಟ್ಟರು.

"ಸರೂ, ನನ್ನ ದನೀನ ಹೋತಲ್ಲವಾ. ಇನ್ನ ಮುಂದ ನೀವ ಹಾಡ್ರಿ, ನಾ ಕೇಳ್ಕೋತ ಕೂಡ್ತೀನಿ."

ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಹಾಡಿದ ಜೀವ ಅದು. ಸರೋಜ ಮಿಕ್ಸರನ್ನು ನೋಡುವ ಕಣ್ಣಿನಿಂದ ನನ್ನನ್ನು ನೋಡಿದಳು.

"ದನಿಗೆ ಏನೂ ಆಗಿಲ್ರಿ ಕಾಕು. ಮುಂಜಾನೆ ಔಷಧ ಹಾಕಿ ಒರಸೀನಿ, ಪೇಟಿ ಒಳಗ ಇನ್ನೂ ಹಸಿ ಅದ" ಎಂದು ಸುಳ್ಳು ಹೇಳಿ ಪೇಟಿಯನ್ನು ಅಡಿಗೆಮನೆಗೆ ಹೊತ್ತುಕೊಂಡು ಹೋದೆ. ಹೊರಗೆ ಎಲ್ಲರೂ ಚಹಾ ಕುಡಿಯುವಷ್ಟರಲ್ಲಿ ದೇವರ ತಟ್ಟೆಯ ಒಂದು ಅಕ್ಷತೆ ಕಾಳನ್ನು ಅಡಕೊತ್ತಿನಿಂದ ತುಂಡು ಮಾಡಿ, ಅದೇ ರೀಡಿನಲ್ಲಿ ಕೂಡಿಸಿದೆ. ನೆಗಡಿಯ ದಿನಗಳಲ್ಲವೆ, ಕಾಳಿಗೂ ಸ್ಯಾನಿಟೈಜರ್ ಹಚ್ಚಿಯೇ ಕೂಡಿಸಿದೆ.

ಪೇಟಿ ತಂದಿಟ್ಟೆ. ಭಜನೆ ಮತ್ತೆ ಸುರುವಾಗಿ ಆ ಜಾಗ ಬಂದಾಗ ಕಾಕು "ಆ..." ಎಂದು ಎಳೆದರು. ಪೇಟಿ ಸುಮ್ಮನಿತ್ತು. ಎಲ್ಲರ ತಲೆಗಳೂ ಮೊದಲಿನಂತೆ ತೂಗಿದವು.

"ಒರಸೂದಂದ್ರ ಹಿಂಗ ಒರಸಬೇಕ ನೋಡ್ರಿ! ಈಗ ಪೇಟಿ ಖರೇ ಸ್ವಚ್ಛ ಆತು" ಎಂದರು ಕಾಕು, ಪ್ರಸಾದ ಕೊಡುತ್ತ. "ದಾದರ್‌ದಾಗ ನಮ್ಮ ತಂಗಿ ಮಂಡಳಿ ಪೇಟಿ ಭಾಳ ಹೊಲಸಾಗೇದ. ರವಿವಾರ ಹೋಗಿ ಅದನ್ನೂ ಹಿಂಗ ಮಾಡಿಕೊಟ್ಟ ಬರ್ರಿ."

ಆಗಲಿ ಎಂದಿದ್ದೇನೆ. ಬಟ್ಟೆ, ಬಾಟಲಿ, ಸ್ಕ್ರೂಡ್ರೈವರು ಚೀಲ ಸೇರಿವೆ. ಕಾಗದದಲ್ಲಿ ಒಂದು ಚಿಟಿಕೆ ಅಕ್ಷತೆಯನ್ನೂ ಕಟ್ಟಿಟ್ಟುಕೊಂಡಿದ್ದೇನೆ. ಅಲ್ಲಿಯ ಕಾಕುವಿಗೆ ಯಾವ ಪಟ್ಟಿ ಬೇಡವೋ, ಮೊದಲು ಒಂದು ಹಾಡು ಕೇಳಿ ನೋಡಬೇಕು.